ಮಳೆ ಬಿಟ್ಟ ಮೇಲೆ ತುಡುವೆ ಪೆಟ್ಟಿಗೆಯನ್ನು ತೆರೆದು ನೋಡುವುದು

ನವರಾತ್ರಿ ಕಳೆದು ಮಳೆ ಹಿಂದೆ ಸರಿಯತೊಡಗಿದಾಗ ಸುಳ್ಯ, ಪುತ್ತೂರು ಕಡೆಯ ಜೇನು ಸಾಕುವವರ ಗಮನವೆಲ್ಲ ಪೆಟ್ಟಿಗೆಗಳ ಕಡೆಗೆ ತಿರುಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ಹಾರಲು ಬಿಡುವು ಸಿಗದೆ, ಸಿಕ್ಕರೂ ಹೂವಿಲ್ಲದೆ, ಕೂಡಿಟ್ಟದ್ದನ್ನೂ ನಾವು ಕೊಟ್ಟ ಸಕ್ಕರೆ ಪಾಕವನ್ನೂ ತಿಂದು ದಿನ ದೂಡಿದ ಕುಟುಂಬಗಳು ಯಾವ ಸ್ಥಿತಿಯಲ್ಲಿವೆ, ರಾಣಿ ಮತ್ತೆ ಹುರುಪಿನಿಂದ ಮೊಟ್ಟೆಯಿಡಲು ಆರಂಭಿಸಿದ್ದಾಳೆಯೇ, ಮೇಣದ ಹುಳು ಎರಿಯೊಳಗೆ, ಅಂದರೆ ನೊಣಗಳು ಮೇಣದಿಂದ ಕಟ್ಟಿದ ಕೋಶಗಳ ಹಲ್ಲೆಯೊಳಗೆ, ಸೇರಿಕೊಂಡಿದೆಯೇ ಎಂಬುದೆಲ್ಲ ತಿಳಿಯುವುದು ಈ ಸಮಯದ ಪರಿಶೀಲನೆಯಲ್ಲಿಯೇ. ನಮ್ಮ ಹಿತ್ತಲಿನಲ್ಲಿ, ಅಡಿಕೆ ತೋಟಕ್ಕೆ ತಾಗಿಕೊಂಡು, ತುಡುವೆ ಎಂಬ ನಾಡಜೇನಿನ ಎರಡು ಪೆಟ್ಟಿಗೆಗಳಿವೆ. ನಾನು ಈ ಕೆಲಸಕ್ಕೆ ಹೊಸಬಳು. ನಮ್ಮೂರಿನಲ್ಲಿ ಬಹಳ ಕಾಲದಿಂದ ಜೇನು ಸಾಕುತ್ತಿರುವ, ನಾವೆಲ್ಲ ಅಜ್ಜ ಎಂದೇ ಕರೆಯುವ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ಹೇಳಿಕೊಟ್ಟದ್ದನ್ನೂ ನಾನು ಕಣ್ಣಾರೆ ಕಂಡದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಬರೆಯಲು ಮುಖ್ಯ ಕಾರಣವೊಂದಿದೆ. ಜೇನು ಪೆಟ್ಟಿಗೆ ತೆರೆಯುವ ವಿಧಾನವನ್ನು ಮೊಬೈಲಿನಲ್ಲಿ ಹುಡುಕಿದರೆ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು ಯುರೋಪ್ ಮೂಲದ ಮೆಲ್ಲಿಫೆರಾ ಜೇನಿಗೆ ಸಂಬಂಧಿಸಿದವು. 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಯೂರಿದ ಆ ಜೇನಿನ ಸಾಕಣೆ ಈಗ ದೇಶದ ಹಲವು ಕಡೆ ದೊಡ್ಡ ಉದ್ಯಮವಾಗಿದೆ. ಆದರೆ ಮಲೆನಾಡು ಮತ್ತು ಕರಾವಳಿಯ ಹಿತ್ತಲುಗಳಲ್ಲಿ ನಾವು ಸಾಕುವುದು ನಮ್ಮದೇ ಕಾಡಿನ ತುಡುವೆಯನ್ನು. ಮೆಲ್ಲಿಫೆರಾ ಪೆಟ್ಟಿಗೆಯ ಸಂದುಗಳಿಗೆಲ್ಲ ಮರದ ಅಂಟನ್ನು ತಂದು ಮೆತ್ತುವುದರಿಂದ ಅದರ ಚೌಕಟ್ಟುಗಳನ್ನು (ಎರಿ ಕಟ್ಟಲು ಪೆಟ್ಟಿಗೆಯೊಳಗೆ ಇಳಿಬಿಟ್ಟ ಮರದ ಚೌಕಗಳನ್ನು) ಕಬ್ಬಿಣದ ಪಟ್ಟಿಯಿಂದ ಮೀಟಿ ಬಿಡಿಸಬೇಕಾಗುತ್ತದೆ. ತುಡುವೆ ಅಂಟನ್ನು ಬಳಸುವುದಿಲ್ಲ, ಅದರ ಚೌಕಟ್ಟು ಬೆರಳಿನಿಂದ ಎತ್ತಿದರೆ ಬರುತ್ತದೆ. ಮೆಲ್ಲಿಫೆರಾದ ನೊಣಗಳು ಎರಿಯನ್ನು ಹೊರತೆಗೆದಾಗಲೂ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತವೆ. ತುಡುವೆಯ ನೊಣಗಳು ಸ್ವಲ್ಪ ಅಲುಗಾಡಿದರೂ ಗಾಬರಿಗೊಂಡು ಎರಿಯ ಮೇಲೆ ಓಡತೊಡಗುತ್ತವೆ, ಕೆಳಅಂಚಿನಲ್ಲಿ ಗೊಂಚಲಾಗಿ ಸೇರಿ ಅಲ್ಲಿಂದ ಉದುರುತ್ತವೆ. ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸವೆಂದರೆ, ಮತ್ತೆ ಮತ್ತೆ ತೊಂದರೆಯಾದರೆ ತುಡುವೆಯ ಇಡೀ ಕುಟುಂಬವೇ ಪೆಟ್ಟಿಗೆಯನ್ನು ಬಿಟ್ಟು ಕಾಡಿಗೆ ಹೊರಟುಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ಎಲ್ಲ ಚೌಕಟ್ಟುಗಳನ್ನೂ ಎತ್ತಿ ನೋಡಬೇಕು ಎಂಬ ಸಲಹೆಯನ್ನು ನಮ್ಮ ಜೇನಿಗೆ ಹಾಗೆಯೇ ಅನ್ವಯಿಸುವುದು ಅಪಾಯಕಾರಿ. ತುಡುವೆಯ ಪೆಟ್ಟಿಗೆಯನ್ನು ತೆರೆಯಬೇಕಾದದ್ದು ತಿಳಿಯಬೇಕಾದ ವಿಷಯವೊಂದು ಇದ್ದಾಗ ಮಾತ್ರ. ಅದು ತಿಳಿದ ಕೂಡಲೇ ಮುಚ್ಚಬೇಕು.

ಹಾಗಾಗಿ ಪರಿಶೀಲನೆಯ ದೊಡ್ಡ ಭಾಗ ಮುಚ್ಚಳಕ್ಕೆ ಕೈ ಹಾಕುವ ಮೊದಲೇ, ಹೊರಗೆ ನಿಂತು ಆಗುವಂಥದ್ದು. ಬೆಳಗ್ಗೆ ಬಿಸಿಲು ಮೂಡಿದ ಮೇಲೆ ಪೆಟ್ಟಿಗೆಯ ಎದುರಿಗಲ್ಲ, ಒಂದು ಪಕ್ಕಕ್ಕೆ, ನೊಣಗಳ ಹಾರುವ ದಾರಿಗೆ ಅಡ್ಡವಾಗದಂತೆ ಕುಳಿತು ಬಾಗಿಲನ್ನು ನೋಡುತ್ತೇನೆ. ಒಳಗೆ ಹೋಗುವ ನೊಣಗಳ ಹಿಂಗಾಲಿನಲ್ಲಿ ಪರಾಗದ ಉಂಡೆಗಳಿವೆಯೇ ಎಂಬುದು ಮೊದಲು ನೋಡಬೇಕಾದದ್ದು. ಪರಾಗ ಮರಿಗಳ ಆಹಾರ; ಅದು ಎಡೆಬಿಡದೆ ಒಳಗೆ ಹೋಗುತ್ತಿದೆ ಎಂದರೆ ಸಾಕುವುದಕ್ಕೆ ಮರಿಗಳಿವೆ, ಮರಿಗಳಿವೆ ಎಂದರೆ ಬಹುತೇಕ ರಾಣಿಯೂ ಇದ್ದಾಳೆ ಎಂದು ಊಹಿಸಬಹುದು. ತೆಂಗು ನಮ್ಮಲ್ಲಿ ವರ್ಷವಿಡೀ ಪರಾಗ ಕೊಡುತ್ತದೆ, ಹಿಂಗಾರ ಬಿರಿಯುವ ಕಾಲಕ್ಕೆ ಅಡಿಕೆಯೂ ಸೇರಿಕೊಳ್ಳುತ್ತದೆ. ಮಳೆಗಾಲ ಮುಗಿಯುವ ಈ ಹೊತ್ತಿನಲ್ಲಿ ಮುರಕಲ್ಲಿನ ಬದಿಗಳಲ್ಲಿ ಕರ್ಣಕುಂಡಲ ಹೂ ಬಿಟ್ಟಿರುವುದರಿಂದ ಕೆಲವು ನೊಣಗಳು ಬೆನ್ನ ಮೇಲೆ ಸುಣ್ಣ ಎಳೆದಷ್ಟು ಬೆಳ್ಳಗಿನ ಗೆರೆಯನ್ನು ಹೊತ್ತು ಬರುತ್ತವೆ. ಹೂವಿನೊಳಗೆ ತೂರುವಾಗ ಮೇಲಿನಿಂದ ಬೆನ್ನಿಗೆ ಒರೆಸಿಕೊಂಡ ಪರಾಗ ಅದು. ಇದೊಂದು ಕಾಯಿಲೆಯೋ ಎಂದು ಹೊಸಬರು ಗಾಬರಿಪಡುವುದುಂಟು. ವಾಸ್ತವವಾಗಿ ಅದು ಕುಟುಂಬ ಚೆನ್ನಾಗಿ ದುಡಿಯುತ್ತಿರುವುದರ ಗುರುತು.

ಬಾಗಿಲಿನಲ್ಲಿ ಕೆಲವು ನೊಣಗಳು ಒಂದೇ ಕಡೆ ನಿಂತು ರೆಕ್ಕೆ ಬೀಸುತ್ತಿರುತ್ತವೆ. ತುಡುವೆಯ ನೊಣ ಗಾಳಿ ಹಾಕುವಾಗ ತಲೆಯನ್ನು ಹೊರಗಡೆಗೆ, ಹಿಂಭಾಗವನ್ನು ಬಾಗಿಲ ಕಡೆಗೆ ಇಟ್ಟುಕೊಂಡು ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಮೆಲ್ಲಿಫೆರಾ ಇದಕ್ಕೆ ತದ್ವಿರುದ್ಧವಾಗಿ ನಿಂತು ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಎರಡೂ ಹತ್ತಿರದ ಸಂಬಂಧಿಗಳಾದರೂ ಇಷ್ಟು ಸಾಮಾನ್ಯ ಕೆಲಸವನ್ನೂ ಬೇರೆ ಬೇರೆ ರೀತಿ ಮಾಡುತ್ತವೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಬಾಗಿಲಿನ ಕೆಳಗೆ ನೆಲದ ಮೇಲೆ ಬಿಳಿಯ ಮರಿಗಳು ಸತ್ತು ಬಿದ್ದಿವೆಯೇ, ಕಡಜಗಳು ಸುತ್ತುತ್ತಿವೆಯೇ, ಸ್ಟ್ಯಾಂಡಿನ ಕಾಲಿಗೆ ಇಟ್ಟ ಬಟ್ಟಲಿನಲ್ಲಿ ನೀರಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳುತ್ತೇನೆ. ಬಟ್ಟಲು ತುಂಬ ನೀರಿದ್ದರೂ ಅದರ ಮೇಲೆ ಒಂದು ಅಡಿಕೆ ಸೋಗೆಯ ಎಸಳು ಅಡ್ಡ ಬಿದ್ದಿದ್ದರೆ ಸಾಕು, ಇರುವೆಗಳಿಗೆ ಅದೇ ಸೇತುವೆ. ಬಿಸಿಲು ಬಿದ್ದ ಮೇಲೆ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂರುವ ಕಳ್ಳಿಪೀರ ಹಕ್ಕಿಗಳು ಒಂದಷ್ಟು ನೊಣಗಳನ್ನು ಹಿಡಿದೇ ಹಿಡಿಯುತ್ತವೆ. ಅದಕ್ಕೆ ನಾವು ಮಾಡಬೇಕಾದದ್ದು ಏನೂ ಇಲ್ಲ.

ಪೆಟ್ಟಿಗೆ ತೆರೆಯಲು ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ನಡುವಿನ ಸಮಯ ಒಳ್ಳೆಯದು. ಆ ಹೊತ್ತಿಗೆ ಹೊರಗೆ ದುಡಿಯುವ ನೊಣಗಳಲ್ಲಿ ಹೆಚ್ಚಿನವು ಹೂವಿನ ಮೇಲಿರುತ್ತವೆ, ಒಳಗೆ ಜನ ಕಡಿಮೆ. ಎರಿಯ ಮೇಣವೂ ಮಧ್ಯಾಹ್ನದಷ್ಟು ಮೆತ್ತಗಾಗಿರುವುದಿಲ್ಲ. ಮೋಡ ಕವಿದ ದಿನ, ಗಾಳಿ ಜೋರಾಗಿರುವ ದಿನ, ಸಂಜೆಯ ಹೊತ್ತು ಬೇಡ. ತಿಳಿ ಬಣ್ಣದ ತುಂಬುತೋಳಿನ ಅಂಗಿ ಮತ್ತು ಮುಖಪರದೆ ಧರಿಸುತ್ತೇನೆ, ಪರಿಮಳದ ಎಣ್ಣೆ, ಸೆಂಟು ಹಾಕಿಕೊಳ್ಳುವುದಿಲ್ಲ. ಕೈಗವಸು ಹಾಕಿಕೊಂಡರೆ ಬೆರಳಿಗೆ ಸ್ಪರ್ಶ ತಿಳಿಯದೆ ನೊಣಗಳನ್ನು ಹಿಚುಕುವ ಸಾಧ್ಯತೆ ಹೆಚ್ಚೆಂದು ಅಜ್ಜ ಹೇಳಿದ್ದರಿಂದ ಬರಿಗೈಯಲ್ಲೇ ಕೆಲಸ ಮಾಡುತ್ತೇನೆ. ಒಂದು ನೊಣ ಹಿಚುಕಿದರೆ ಅಥವಾ ಒಂದು ನೊಣ ಕಚ್ಚಿದರೆ ಅಲ್ಲಿಂದ ಹೊಮ್ಮುವ ವಾಸನೆ ಉಳಿದವುಗಳನ್ನೂ ಕೆರಳಿಸುತ್ತದೆ. ಕಚ್ಚಿದಾಗ ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆದು, ಆ ಜಾಗಕ್ಕೆ ಸ್ವಲ್ಪ ಹೊಗೆ ಹಾಕಿ ಕೆಲಸ ಮುಂದುವರಿಸಬಹುದು. ಆದರೆ ಮೈಯೆಲ್ಲ ದಡಿಕೆ ಎದ್ದರೆ, ಉಸಿರು ಕಟ್ಟಿದಂತಾದರೆ ಅಥವಾ ತಲೆ ಸುತ್ತಿದರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಅಂಥ ಅಲರ್ಜಿಯವರು ಇದ್ದರೆ ಹಿತ್ತಲಿನಲ್ಲಿ ಪೆಟ್ಟಿಗೆ ಇಡುವುದನ್ನೇ ಮತ್ತೊಮ್ಮೆ ಯೋಚಿಸುವುದು ಒಳ್ಳೆಯದು.

ಹೊಗೆತಿದಿಗೆ ಒಣಗಿದ ತೆಂಗಿನ ಸಿಪ್ಪೆಯ ನಾರನ್ನು ತುಂಬುತ್ತೇನೆ. ಅದು ನಿಧಾನವಾಗಿ ಉರಿದು ತಣ್ಣನೆಯ ಬಿಳಿ ಹೊಗೆ ಕೊಡುತ್ತದೆ. ಬಾಗಿಲ ಬಳಿ ಒಂದೆರಡು ಸಲ, ಒಳಮುಚ್ಚಳ ಸರಿಸುವಾಗ ಮೇಲಿನಿಂದ ಒಂದು ಸಲ, ಅಷ್ಟೇ. ಹೊಗೆ ಹೆಚ್ಚಾದರೆ ತುಡುವೆ ಶಾಂತವಾಗುವುದಿಲ್ಲ, ಓಡತೊಡಗುತ್ತದೆ. ಓಡಲು ತೊಡಗಿದ ಮೇಲೆ ಯಾವ ಎರಿಯನ್ನೂ ಸರಿಯಾಗಿ ನೋಡಲಾಗದು. ಮುಚ್ಚಳ ಎತ್ತಿದೊಡನೆ ನೊಣಗಳೆಲ್ಲ ಒಟ್ಟಿಗೆ ಮೈ ಅಲುಗಿಸಿ ಬುಸ್ಸೆಂದು ಸದ್ದು ಮಾಡುವುದು ತುಡುವೆಯ ಸ್ವಭಾವ. ಹೊಸಬರಿಗೆ ಅದು ಎದೆ ನಡುಗಿಸುವ ಸದ್ದು. ಕೈ ಹಿಂದಕ್ಕೆ ಎಳೆದುಕೊಳ್ಳದೆ ಒಂದಿಷ್ಟು ಹೊತ್ತು ಸುಮ್ಮನೆ ನಿಂತರೆ ಅದು ತಾನಾಗಿ ತಗ್ಗುತ್ತದೆ.

ನಮ್ಮ ಪೆಟ್ಟಿಗೆಗಳು ನ್ಯೂಟನ್ ಮಾದರಿಯವು. 1910ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ ಅವರು ದಕ್ಷಿಣ ಭಾರತದ ತುಡುವೆಯ ಗಾತ್ರಕ್ಕೆ ಹೊಂದುವಂತೆ ರೂಪಿಸಿದ ಈ ಸಣ್ಣ ಪೆಟ್ಟಿಗೆಯಲ್ಲಿ ಕೆಳಗೆ ಮರಿಗಳಿರುವ ಸಂಸಾರ ಕೋಣೆ, ಅದರ ಮೇಲೆ ಜೇನು ಶೇಖರಣೆಯ ಸೂಪರ್ ಇರುತ್ತವೆ. ಎರಿ ಮತ್ತು ಎರಿಯ ನಡುವೆ, ಎರಿ ಮತ್ತು ಗೋಡೆಯ ನಡುವೆ ನೊಣ ಓಡಾಡುವಷ್ಟೇ ಜಾಗ ಬಿಟ್ಟರೆ ನೊಣಗಳು ಅದನ್ನು ಮೇಣದಿಂದ ಮುಚ್ಚುವುದಿಲ್ಲ ಎಂಬುದನ್ನು 1851ರಲ್ಲಿ ಅಮೆರಿಕದ ಲಾಂಗ್‌ಸ್ಟ್ರಾತ್ ಗುರುತಿಸಿದ ಮೇಲೆಯೇ ಹೀಗೆ ಚೌಕಟ್ಟುಗಳನ್ನು ಎತ್ತಿ ಇಳಿಸುವ ಪೆಟ್ಟಿಗೆಗಳು ಸಾಧ್ಯವಾದವು. ಇದನ್ನು ಹೇಳಲು ಕಾರಣವಿದೆ. ಊರಿನ ಬಡಗಿಯಲ್ಲಿ ಪೆಟ್ಟಿಗೆ ಮಾಡಿಸುವಾಗ ಆ ಅಂತರ ಸ್ವಲ್ಪ ಹೆಚ್ಚಾದರೂ ನೊಣಗಳು ಎರಡು ಚೌಕಟ್ಟುಗಳ ನಡುವೆ ಅಡ್ಡ ಎರಿ ಕಟ್ಟಿಬಿಡುತ್ತವೆ. ಆಗ ಒಂದನ್ನು ಎತ್ತಿದರೆ ಇನ್ನೊಂದು ಹರಿಯುತ್ತದೆ. ಪೆಟ್ಟಿಗೆ ಕೊಳ್ಳುವಾಗ ಬಣ್ಣ, ಮರದ ಹೊಳಪು ನೋಡುವುದಕ್ಕಿಂತ ಅಳತೆ ನೋಡಿ ಕೊಳ್ಳಬೇಕು.

ನಾನು ಚೌಕಟ್ಟಿಗಿಂತ ಮೊದಲು ನೋಡುವುದು ಅಡಿಹಲಗೆಯನ್ನು. ಸಂಸಾರ ಕೋಣೆಯನ್ನು ಎರಡೂ ಕೈಯಿಂದ ನೇರವಾಗಿ ಎತ್ತಿ ಪಕ್ಕದ ಸ್ಟೂಲಿನ ಮೇಲಿಟ್ಟರೆ ಅಡಿಹಲಗೆ ಬರಿದಾಗಿ ಕಾಣುತ್ತದೆ. ಅದರ ಮೇಲೆ ಬಿದ್ದಿರುವ ಕಸದಿಂದಲೇ ಕುಟುಂಬದ ಸ್ಥಿತಿಯ ಬಗ್ಗೆ ಬಹಳಷ್ಟು ತಿಳಿಯುತ್ತದೆ ಎಂಬುದನ್ನು ನನಗೆ ಯಾವ ವಿಡಿಯೊವೂ ಹೇಳಿರಲಿಲ್ಲ. ತಿಳಿಹಳದಿಯ ಸಣ್ಣ ಮೇಣದ ಚೂರುಗಳಿದ್ದರೆ ಜೇನಿನ ಮುಚ್ಚಳ ಬಿಚ್ಚಿ ತಿನ್ನುತ್ತಿವೆ ಎಂದು ಅರ್ಥ, ಅಂದರೆ ಹೊರಗಿನಿಂದ ಬರುವ ಆಹಾರ ಸಾಲುತ್ತಿಲ್ಲ. ಕಂದು ಬಣ್ಣದ ಪುಡಿ ಬಿದ್ದಿದ್ದರೆ ಹಳೆಯ ಎರಿಯನ್ನು ಕಡಿದು ಬೀಳಿಸುತ್ತಿವೆ. ಕಪ್ಪಾದ ಎರಿಯನ್ನು ತುಡುವೆ ತಾನೇ ಕಡಿದು ಹೊಸದು ಕಟ್ಟಿಕೊಳ್ಳುತ್ತದೆ. ಆದರೆ ಕಸದ ಜೊತೆಗೆ ಕರಿಯ ಹಿಕ್ಕೆಯ ಕಾಳುಗಳೂ ಅವುಗಳನ್ನು ಸೇರಿಸಿ ಹೆಣೆದ ಬಿಳಿಯ ಬಲೆಯೂ ಕಂಡರೆ ಮೇಣದ ಹುಳು ಬಂದಿದೆ ಎಂದೇ ತಿಳಿಯಬೇಕು. ಈ ಸಲ ನಮ್ಮ ಎರಡನೆಯ ಪೆಟ್ಟಿಗೆಯ ಅಡಿಹಲಗೆಯ ಮೂಲೆಯಲ್ಲಿ ಅಂಥ ಒಂದು ಬಲೆ ಇತ್ತು. ಅದನ್ನು ಬಿಡಿಸಿ ನೋಡಿದಾಗ ಒಳಗೆ ಬೂದು ಬಣ್ಣದ ಹುಳುವೊಂದು ಬೆಳಕಿಗೆ ಹೆದರಿ ಕಸದೊಳಕ್ಕೆ ಸರಸರನೆ ತೂರಿಕೊಂಡಿತು.

ಮೇಣದ ಹುಳುವಿನ ತಾಯಿ ರಾತ್ರಿ ಹಾರುವ ಬೂದು ಪತಂಗ. ಅದು ಸಂದುಗಳಲ್ಲಿ ಮೊಟ್ಟೆಯಿಡುತ್ತದೆ. ಹುಳುಗಳು ಎರಿಯನ್ನು ಸುರಂಗದಂತೆ ಕೊರೆಯುತ್ತ ಹೋಗುತ್ತವೆ. ಬಲವಾದ ಕುಟುಂಬ ಇದನ್ನು ತಾನೇ ಎದುರಿಸುತ್ತದೆ. ನೊಣಗಳು ಮುಚ್ಚಿಕೊಳ್ಳಲಾಗದಷ್ಟು ಎರಿಗಳು ಖಾಲಿ ಬಿದ್ದಿದ್ದರೆ ಮಾತ್ರ ಹುಳುವಿಗೆ ಅವಕಾಶ. ಹಾಗಾಗಿ ಅಡಿಹಲಗೆಯನ್ನು ಕೆರೆದು, ಒರೆಸಿ, ಕಸವನ್ನು ಅಲ್ಲೇ ಚೆಲ್ಲದೆ ಸುಟ್ಟು, ನೊಣಗಳಿಲ್ಲದ ಕಪ್ಪು ಎರಿಯೊಂದನ್ನು ಹೊರತೆಗೆದು ಕುಟುಂಬವನ್ನು ಅದರ ಬಲಕ್ಕೆ ತಕ್ಕಷ್ಟೇ ಚೌಕಟ್ಟುಗಳಿಗೆ ಸೇರಿಸಿದೆವು.

ಚೌಕಟ್ಟುಗಳನ್ನು ನೋಡುವಾಗ ಮೊದಲು ಒಂದು ಅಂಚಿನದನ್ನು ಎತ್ತಬೇಕು. ಅದರಲ್ಲಿ ಸಾಮಾನ್ಯವಾಗಿ ಮರಿಗಳಿರುವುದಿಲ್ಲ, ರಾಣಿಯೂ ಇರುವುದು ಅಪರೂಪ. ಅದನ್ನು ಹೊರಗಿಟ್ಟರೆ ಉಳಿದವುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿ ಎತ್ತಲು ಜಾಗ ಸಿಗುತ್ತದೆ. ಎತ್ತಿದ ಚೌಕಟ್ಟನ್ನು ಯಾವಾಗಲೂ ಪೆಟ್ಟಿಗೆಯ ಮೇಲ್ಗಡೆಯೇ ಹಿಡಿಯಬೇಕು, ನೊಣಗಳೊಡನೆ ರಾಣಿ ಉದುರಿದರೂ ಪೆಟ್ಟಿಗೆಯೊಳಗೇ ಬೀಳುವಂತೆ. ಇನ್ನೊಂದು ಮುಖ ನೋಡಲು ಚೌಕಟ್ಟನ್ನು ಅಡ್ಡ ಮಲಗಿಸಬಾರದು. ತುಡುವೆಯ ಹೊಸ ಎರಿ ಬಹಳ ಎಳೆಯದು, ಜೇನಿನ ಭಾರವಿದ್ದರೆ ಬುಡದಿಂದಲೇ ಕಳಚಿಬೀಳುತ್ತದೆ. ಮೇಲಿನ ಪಟ್ಟಿಯನ್ನು ಮೊದಲು ನಿಲ್ಲುವಂತೆ ಲಂಬವಾಗಿ ತಿರುಗಿಸಿ, ಆ ಪಟ್ಟಿಯನ್ನೇ ಅಕ್ಷವಾಗಿಟ್ಟುಕೊಂಡು ಅರ್ಧ ಸುತ್ತು ತಿರುಗಿಸಿದರೆ ಎರಿ ಎಲ್ಲಿಯೂ ಮಲಗದೆ ಇನ್ನೊಂದು ಬದಿ ಕಾಣುತ್ತದೆ. ಇದನ್ನು ಅಜ್ಜ ನನಗೆ ಖಾಲಿ ಚೌಕಟ್ಟಿನಲ್ಲಿ ಮಾಡಿಸಿ, ಕೈಗೆ ಹಿಡಿತ ಬಂದ ಮೇಲೆಯೇ ಪೆಟ್ಟಿಗೆಯ ಹತ್ತಿರ ಬಿಟ್ಟರು.

ನಾನು ರಾಣಿಯನ್ನು ಹುಡುಕಲು ಕಣ್ಣು ಓಡಿಸುತ್ತಿದ್ದುದನ್ನು ಕಂಡು ಅವರು ಹೇಳಿದರು: "ರಾಣಿಯನ್ನು ಹುಡುಕುವುದು ಬೇಡ ಮಗಳೇ, ಮೊಟ್ಟೆ ಉಂಟಾ ನೋಡು. ಮೊಟ್ಟೆ ಉಂಟಾದರೆ ರಾಣಿಯೂ ಉಂಟು." ಈ ಒಂದು ಮಾತು ನನ್ನ ಪರಿಶೀಲನೆಯ ಅವಧಿಯನ್ನು ಅರ್ಧಕ್ಕೆ ಇಳಿಸಿದೆ. ತುಡುವೆಯ ರಾಣಿ ಉಳಿದ ನೊಣಗಳಿಗಿಂತ ಕಪ್ಪು, ಹೊಟ್ಟೆ ಉದ್ದ, ಬೆಳಕು ಬಿದ್ದೊಡನೆ ಎರಿಯ ಇನ್ನೊಂದು ಬದಿಗೆ ಸರಿಯುವುದರಲ್ಲಿ ಚುರುಕು. ಅವಳನ್ನು ಹುಡುಕುತ್ತ ಎಲ್ಲ ಚೌಕಟ್ಟುಗಳನ್ನು ಮತ್ತೆ ಮತ್ತೆ ತಿರುಗಿಸುತ್ತ ಹೋದರೆ ಮರಿಗಳಿಗೆ ತಣ್ಣನೆಯ ಗಾಳಿ ತಾಗುತ್ತದೆ, ಕುಟುಂಬ ಕೆರಳುತ್ತದೆ, ಕೊನೆಗೆ ಅವಳು ಸಿಕ್ಕರೂ ಮೊಟ್ಟೆ ಹೇಳುವುದಕ್ಕಿಂತ ಹೆಚ್ಚಿನದೇನೂ ತಿಳಿಯುವುದಿಲ್ಲ.

ಮೊಟ್ಟೆ ನೋಡುವುದಕ್ಕೆ ಬೆಳಕಿನ ಅಭ್ಯಾಸ ಬೇಕು. ಸೂರ್ಯನಿಗೆ ಬೆನ್ನು ಹಾಕಿ ನಿಂತು, ಹೆಗಲ ಮೇಲಿನಿಂದ ಬಿಸಿಲು ನೇರವಾಗಿ ಕೋಶಗಳ ತಳಕ್ಕೆ ಬೀಳುವಂತೆ ಎರಿಯನ್ನು ಸ್ವಲ್ಪ ಓರೆಯಾಗಿಸಿದರೆ, ಕಪ್ಪಾದ ಕೋಶದ ತಳದಲ್ಲಿ ಬೆಳ್ಳಗಿನ ಸಣ್ಣ ಕಡ್ಡಿಯೊಂದು ಕಾಣುತ್ತದೆ. ಇಟ್ಟ ಮೊದಲ ದಿನ ಮೊಟ್ಟೆ ತಳಕ್ಕೆ ಅಂಟಿಕೊಂಡು ನೆಟ್ಟಗೆ ನಿಂತಿರುತ್ತದೆ, ಎರಡನೆಯ ದಿನ ಬಾಗುತ್ತದೆ, ಮೂರನೆಯ ದಿನ ಮಲಗಿಕೊಂಡು ಆಮೇಲೆ ಒಡೆಯುತ್ತದೆ. ಅಂದರೆ ನೆಟ್ಟಗಿನ ಮೊಟ್ಟೆ ಕಂಡರೆ ನಿನ್ನೆ ಮೊನ್ನೆಯವರೆಗೂ ರಾಣಿ ಇಲ್ಲಿ ಓಡಾಡಿದ್ದಾಳೆ ಎಂಬುದು ಖಚಿತ. ಹೊಸ ಬಿಳಿ ಎರಿಯಲ್ಲಿ ಬಿಳಿ ಮೊಟ್ಟೆ ಕಾಣುವುದು ಕಷ್ಟ, ಸ್ವಲ್ಪ ಹಳತಾದ ಕಂದು ಎರಿಯಲ್ಲಿ ಸುಲಭ. ಹೊಸಬರು ಕಣ್ಣನ್ನು ಅಲ್ಲಿಯೇ ಪಳಗಿಸಿಕೊಳ್ಳುವುದು ಒಳ್ಳೆಯದು. ನಮ್ಮ ಮೊದಲನೆಯ ಪೆಟ್ಟಿಗೆಯ ನಡುವಿನ ಎರಿಯಲ್ಲಿ ಮೊಟ್ಟೆಗಳು ಒಂದು ಕೋಶಕ್ಕೆ ಒಂದರಂತೆ, ಒಂದೂ ಬಿಡದೆ, ವೃತ್ತಾಕಾರವಾಗಿ ಹರಡಿದ್ದವು. ಅದರ ಸುತ್ತ ಹಾಲಿನಂಥ ಆಹಾರದಲ್ಲಿ ತೇಲುವ ಎಳೆಯ ಹುಳುಗಳು, ಅದರಾಚೆ ಮೇಣದ ಮುಚ್ಚಳದೊಳಗಿನ ಮರಿಗಳು, ಮೇಲಂಚಿನಲ್ಲಿ ಪರಾಗ ಮತ್ತು ಜೇನಿನ ಪಟ್ಟಿ ಇದ್ದವು. ಇಂಥ ಎರಿಯೊಂದನ್ನು ಕಂಡರೆ ಮುಂದಿನವುಗಳನ್ನು ಎತ್ತುವ ಅಗತ್ಯವೇ ಇಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಒಂದೇ ಕೋಶದಲ್ಲಿ ಎರಡು ಮೂರು ಮೊಟ್ಟೆಗಳು ಎಲ್ಲೆಂದರಲ್ಲಿ, ಕೋಶದ ಗೋಡೆಗೂ ಅಂಟಿಕೊಂಡು ಕಂಡರೆ ರಾಣಿ ಹೋಗಿ ಕೆಲಸಗಾರ ನೊಣಗಳೇ ಮೊಟ್ಟೆಯಿಡಲು ತೊಡಗಿವೆ ಎಂದು ತಿಳಿಯಬೇಕು. ಆ ಮೊಟ್ಟೆಗಳಿಂದ ಗಂಡುನೊಣಗಳಲ್ಲದೆ ಬೇರೇನೂ ಹುಟ್ಟುವುದಿಲ್ಲ. ತುಡುವೆಯಲ್ಲಿ ರಾಣಿ ಕಳೆದುಹೋದ ಮೇಲೆ ಇದು ಮೆಲ್ಲಿಫೆರಾಕ್ಕಿಂತ ಬೇಗ ಆರಂಭವಾಗುತ್ತದೆ. ಆದ್ದರಿಂದ ಪರಾಗ ಬರುವುದು ನಿಂತಿದೆ ಎಂದು ಹೊರಗಿನಿಂದ ಕಂಡಾಗ ಪೆಟ್ಟಿಗೆ ತೆರೆಯಲು ತಡಮಾಡಬಾರದು.

ಮುಚ್ಚಿದ ಮರಿಗಳಲ್ಲಿ ಗಂಡುಮರಿಗಳನ್ನು ಗುರುತಿಸುವುದು ತುಡುವೆಯಲ್ಲಿ ಬಹಳ ಸುಲಭ. ಆ ಮುಚ್ಚಳಗಳು ಉಬ್ಬಿರುತ್ತವೆ, ನೆತ್ತಿಯಲ್ಲಿ ಸೂಜಿಯಿಂದ ಚುಚ್ಚಿದಂಥ ಒಂದು ಸಣ್ಣ ರಂಧ್ರವಿರುತ್ತದೆ. ಮೆಲ್ಲಿಫೆರಾದಲ್ಲಿ ಈ ರಂಧ್ರವಿಲ್ಲ. ಇದು ಕಾಯಿಲೆಯ ಗುರುತಲ್ಲ ಎಂಬುದು ಗೊತ್ತಿರಬೇಕು. ಗಂಡುಮರಿಗಳು ಹೆಚ್ಚಾಗತೊಡಗಿದರೆ ಕುಟುಂಬ ಪಾಲಾಗುವ ಯೋಚನೆಯಲ್ಲಿದೆ ಎಂದು ಹೇಳಬಹುದು. ಹಾಗೆ ಕಂಡ ಮೇಲೆ ಎರಿಯ ಕೆಳಅಂಚನ್ನು ನೋಡಬೇಕು. ಅಲ್ಲಿ ಕೆಳಮುಖವಾಗಿ ಇಳಿಬಿದ್ದ ಉದ್ದನೆಯ ಕೋಶಗಳಿದ್ದರೆ ಅವು ರಾಣಿ ಕೋಶಗಳು. ತುಡುವೆಯಲ್ಲಿ ರಾಣಿ ಸುಮಾರು 15ರಿಂದ 16 ದಿನಗಳಲ್ಲಿ, ಕೆಲಸಗಾರ ನೊಣ 18ರಿಂದ 20 ದಿನಗಳಲ್ಲಿ ಮೊಟ್ಟೆಯಿಂದ ಬೆಳೆದು ಹೊರಬರುತ್ತವೆ. ರಾಣಿ ಕೋಶಕ್ಕೆ ಮುಚ್ಚಳ ಬೀಳುವ ಹೊತ್ತಿಗೆ ಹಳೆಯ ರಾಣಿ ಅರ್ಧದಷ್ಟು ನೊಣಗಳೊಡನೆ ಹೊರಟುಹೋಗುವ ಸಾಧ್ಯತೆ ಹೆಚ್ಚು. ಹೊಸ ರಾಣಿ ಹೊರಬರಲು ಒಂದೆರಡು ದಿನ ಇರುವಾಗ ನೊಣಗಳು ಕೋಶದ ತುದಿಯ ಮೇಣವನ್ನು ಕೆರೆದು ತೆಗೆಯುವುದರಿಂದ ಆ ತುದಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕುಟುಂಬವನ್ನು ನಾವೇ ಪಾಲು ಮಾಡುವುದಾದರೆ, ಹಳೆಯ ರಾಣಿಯನ್ನು ಕೆಲವು ಎರಿಗಳೊಡನೆ ಹೊಸ ಪೆಟ್ಟಿಗೆಗೆ ಸ್ಥಳಾಂತರಿಸಿ, ಹಣ್ಣಾದ ರಾಣಿ ಕೋಶವಿರುವ ಎರಿಯನ್ನು ಹಳೆಯ ಪೆಟ್ಟಿಗೆಯಲ್ಲೇ ಬಿಡುವುದು ನಮ್ಮ ಕಡೆ ರೂಢಿಯಲ್ಲಿರುವ ಕ್ರಮ. ರಾಣಿಯನ್ನು ಕಣ್ಣಾರೆ ಹುಡುಕಲೇಬೇಕಾದ ಮುಖ್ಯ ಸಂದರ್ಭ ಎಂದರೆ ಇದು.

ಅಜ್ಜ ಎರಿಯನ್ನು ನೋಡುವಾಗ ಅತಿ ಹೆಚ್ಚು ಸಮಯ ಕೊಡುವುದು ಮುಚ್ಚುವ ಹಂತಕ್ಕೆ ಬಂದ ಮರಿಗಳಿಗೆ. ಅದಕ್ಕೆ ಕಾರಣ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಕಾಯಿಲೆ. 1991–92ರ ಸುಮಾರಿಗೆ ಇದು ದಕ್ಷಿಣ ಭಾರತವನ್ನು ಹೊಕ್ಕು ಕೊಡಗು, ದಕ್ಷಿಣ ಕನ್ನಡ, ಕೇರಳಗಳ ತುಡುವೆ ಸಾಕಣೆಯನ್ನೇ ನೆಲಕಚ್ಚಿಸಿತು. ಸಾಕಿದ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಅಜ್ಜನ ತೋಟದಲ್ಲಿ ಸಾಲಾಗಿದ್ದ ಪೆಟ್ಟಿಗೆಗಳು ಒಂದೇ ಋತುವಿನಲ್ಲಿ ಖಾಲಿಯಾದವಂತೆ. ಆಗ ಪೆಟ್ಟಿಗೆಗಳನ್ನು ಸೌದೆಗೆ ಹಾಕಿ ಈ ಕೆಲಸವನ್ನೇ ಬಿಟ್ಟವರು ಊರಿನಲ್ಲಿ ಅನೇಕರಿದ್ದಾರೆ. ಇಂದು ನಮ್ಮ ಹಿತ್ತಲುಗಳಲ್ಲಿರುವುದು ಆ ಹೊಡೆತದಿಂದ ಉಳಿದ ಕುಟುಂಬಗಳ ಸಂತತಿ ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ಜೇನಿನ ಮೇಲೆ ಗೌರವ ಹೆಚ್ಚುತ್ತದೆ. ಕಾಯಿಲೆ ಪೂರ್ತಿ ಹೋಗಿಲ್ಲ, ಅಲ್ಲಲ್ಲಿ ಈಗಲೂ ಕಾಣಿಸಿಕೊಳ್ಳುತ್ತದೆ. ಅದಕ್ಕೆ ತುತ್ತಾದ ಮರಿ ಪೂರ್ತಿ ಬೆಳೆದು, ಕೋಶದಲ್ಲಿ ಉದ್ದಕ್ಕೆ ಚಾಚಿಕೊಂಡು, ಕೋಶಾವಸ್ಥೆಗೆ ಹೋಗುವ ಮೊದಲೇ ಸಾಯುತ್ತದೆ. ತಲೆಯ ಭಾಗ ಮೇಲಕ್ಕೆ ಚೂಪಾಗಿ ಎದ್ದಿರುತ್ತದೆ. ಬೆಂಕಿಕಡ್ಡಿಯ ತುದಿಯಿಂದ ಎತ್ತಿದರೆ ಚರ್ಮ ಹರಿಯದೆ ಒಳಗೆ ನೀರು ತುಂಬಿದ ಚೀಲವಾಗಿ ಬರುತ್ತದೆ. ಒಣಗಿದ ಮೇಲೆ ಅದು ಕಪ್ಪಾದ ದೋಣಿಯಾಕಾರದ ಸಿಪ್ಪೆಯಾಗಿ ಸುಲಭವಾಗಿ ಕಳಚುತ್ತದೆ. ಮುಚ್ಚಿದ ಮರಿಗಳ ನಡುನಡುವೆ ಮುಚ್ಚಳ ತೆರೆದ, ತಗ್ಗಿದ ಅಥವಾ ತೂತುಬಿದ್ದ ಕೋಶಗಳು ಚದುರಿದಂತೆ ಕಂಡರೆ ಅವುಗಳನ್ನು ಹತ್ತಿರದಿಂದ ಪರೀಕ್ಷಿಸಲೇಬೇಕು.

ಇದಕ್ಕೆ ಔಷಧವಿಲ್ಲ. ಯಾರಾದರೂ ಆ್ಯಂಟಿಬಯೋಟಿಕ್ ಪುಡಿಯನ್ನು ಪಾಕದಲ್ಲಿ ಕಲಸಿ ಕೊಡಲು ಹೇಳಿದರೆ ಒಪ್ಪಬಾರದು. ಅದು ವೈರಸ್ಸಿಗೆ ನಾಟುವುದಿಲ್ಲ, ಜೇನಿನಲ್ಲಿ ಮಾತ್ರ ಉಳಿಯುತ್ತದೆ. ಕೆಲವು ಕಾಲ ರಾಣಿಯನ್ನು ಪಂಜರದಲ್ಲಿಟ್ಟು ಮೊಟ್ಟೆಯಿಡುವುದನ್ನು ತಡೆದರೆ ಸಾಯಲು ಹೊಸ ಮರಿಗಳಿಲ್ಲದೆ ಸೋಂಕಿನ ಸರಪಳಿ ತುಂಡಾಗುತ್ತದೆ, ಈ ಬಿಡುವಿನಲ್ಲಿ ನೊಣಗಳು ಕೋಶಗಳನ್ನು ಶುಚಿ ಮಾಡಿಕೊಳ್ಳುತ್ತವೆ. ಕಾಯಿಲೆ ತಡೆದುಕೊಂಡ ಕುಟುಂಬಗಳಿಂದಲೇ ರಾಣಿ ಎಬ್ಬಿಸಿ ಪಾಲು ಮಾಡುವುದು ದೀರ್ಘಕಾಲದ ದಾರಿ. ಎಲ್ಲಕ್ಕಿಂತ ಮೊದಲ ಎಚ್ಚರವೆಂದರೆ ಒಂದು ಪೆಟ್ಟಿಗೆಯ ಎರಿಯನ್ನು ಕಾರಣವಿಲ್ಲದೆ ಇನ್ನೊಂದಕ್ಕೆ ಹಾಕದಿರುವುದು, ಶಂಕೆಯಿರುವ ಪೆಟ್ಟಿಗೆಯನ್ನು ಎಲ್ಲಕ್ಕಿಂತ ಕೊನೆಗೆ ತೆರೆದು ಆಮೇಲೆ ಕೈಯನ್ನೂ ಚಾಕುವನ್ನೂ ತೊಳೆಯುವುದು. ಈ ಸಲ ನಮ್ಮ ಎರಡು ಪೆಟ್ಟಿಗೆಗಳಲ್ಲಿಯೂ ಆ ಲಕ್ಷಣಗಳಿರಲಿಲ್ಲ.

ವಿಡಿಯೊಗಳಲ್ಲಿ ಬಹಳವಾಗಿ ಚರ್ಚೆಯಾಗುವ, ನೊಣಗಳ ಮೈಗೆ ಅಂಟಿ ಬದುಕುವ ವರೋವಾ ಉಣ್ಣೆಯ ಬಗ್ಗೆ ತುಡುವೆ ಸಾಕುವವರು ಅಷ್ಟಾಗಿ ಚಿಂತಿಸಬೇಕಿಲ್ಲ. ಆ ಉಣ್ಣೆ ಮೂಲತಃ ತುಡುವೆಯ ಮೇಲೆಯೇ ಬದುಕಿಕೊಂಡು ಬಂದದ್ದು. ತುಡುವೆ ಒಂದರ ಮೈಯನ್ನು ಒಂದು ಶುಚಿಗೊಳಿಸಿ ಅದನ್ನು ಹಿಡಿತದಲ್ಲಿ ಇಟ್ಟುಕೊಂಡಿದೆ. ಉಣ್ಣೆಯ ಸಂತಾನ ಹೆಚ್ಚಾಗಿ ಗಂಡುಮರಿಗಳ ಕೋಶದಲ್ಲಷ್ಟೇ ಬೆಳೆಯುತ್ತದೆ. ಮೆಲ್ಲಿಫೆರಾಕ್ಕೆ ಹಾಕುವ ಔಷಧದ ಪಟ್ಟಿಗಳನ್ನು ತಂದು ನಮ್ಮ ಪೆಟ್ಟಿಗೆಗೆ ತೂಗಿಸುವುದು ಅನಗತ್ಯ ಖರ್ಚು, ಅನಗತ್ಯ ವಿಷ.

ಕೊನೆಯದಾಗಿ ಆಹಾರ. ಸಂಸಾರ ಕೋಣೆಯ ಎರಿಗಳ ಮೇಲಂಚಿನಲ್ಲಿ ಎರಡು ಬೆರಳಷ್ಟು ಅಗಲದ ಜೇನಿನ ಪಟ್ಟಿ ಇಲ್ಲದಿದ್ದರೆ ಪಾಕ ಕೊಡಬೇಕು. ಸಕ್ಕರೆ ಮತ್ತು ನೀರನ್ನು ಸಮ ಪ್ರಮಾಣದಲ್ಲಿ ಬೆರೆಸಿ, ಆರಿಸಿ, ಸಂಜೆ ನೊಣಗಳೆಲ್ಲ ಒಳ ಸೇರಿದ ಮೇಲೆ ಪೆಟ್ಟಿಗೆಯ ಒಳಗೇ ಇಡಬೇಕು. ಹಗಲಿನಲ್ಲಿ ಇಟ್ಟರೆ ಅಥವಾ ಹೊರಗೆ ಚೆಲ್ಲಿದರೆ ಇನ್ನೊಂದು ಕುಟುಂಬ ಬಂದು ಲೂಟಿ ಮಾಡುತ್ತದೆ. ಪಾಕದ ಮೇಲೆ ತೆಂಗಿನ ನಾರಿನ ನಾಲ್ಕು ಎಳೆ ಹಾಕಿದರೆ ನೊಣಗಳು ಮುಳುಗಿ ಸಾಯುವುದಿಲ್ಲ. ಆದರೆ ಸೂಪರ್ ಇಟ್ಟ ಮೇಲೆ ಪಾಕ ಕೊಡಬಾರದು. ಆಗ ಕೊಟ್ಟ ಸಕ್ಕರೆ ನೇರವಾಗಿ ಸೂಪರಿನ ಎರಿಗೆ ಸೇರಿ ನಾವು ತೆಗೆಯುವ ಜೇನಾಗಿ ಬಾಟಲಿಗೆ ಬರುತ್ತದೆ. ಇದನ್ನು ತಿಳಿದೂ ಮಾಡುವವರಿಂದಲೇ ಒಳ್ಳೆಯ ಜೇನು ಮಾರುವವರ ಮೇಲೂ ಜನ ಸಂಶಯಪಡುವಂತಾಗಿದೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ನೋಡಿ ಮುಗಿದ ಮೇಲೆ ಚೌಕಟ್ಟುಗಳನ್ನು ಮೊದಲಿದ್ದ ಕ್ರಮದಲ್ಲಿ, ಮೊದಲಿದ್ದ ಮುಖಕ್ಕೇ ಸೇರಿಸಿ, ನೊಣಗಳು ಸಿಕ್ಕಿಕೊಳ್ಳದಂತೆ ನಿಧಾನವಾಗಿ ಒತ್ತಿ, ಮುಚ್ಚಳ ಹಾಕಿ ಮೇಲೊಂದು ಕಲ್ಲು ಇಡುತ್ತೇನೆ. ಕೂಡಲೇ ಅಲ್ಲಿಯೇ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಮನೆಗೆ ಹೋಗಿ ಬರೆಯೋಣವೆಂದರೆ ಯಾವುದು ಯಾವ ಪೆಟ್ಟಿಗೆಯದೆಂದು ಮರೆತುಹೋಗುತ್ತದೆ. ಈ ಸಲದ ಬರಹ ಹೀಗಿದೆ: ಮೊದಲನೆಯ ಪೆಟ್ಟಿಗೆಯಲ್ಲಿ ಮೊಟ್ಟೆ ಚೆನ್ನಾಗಿದೆ, ಗಂಡುಮರಿ ಶುರುವಾಗಿದೆ, ರಾಣಿ ಕೋಶ ಇನ್ನೂ ಇಲ್ಲ, ಆಹಾರ ಸಾಕಷ್ಟಿದೆ. ಎರಡನೆಯದರಲ್ಲಿ ಮೊಟ್ಟೆ ಇದೆ, ಕಡಿಮೆ. ಮೇಣದ ಹುಳು ಕಂಡಿದೆ, ಕಪ್ಪು ಎರಿ ತೆಗೆದಿದೆ, ಪಾಕ ಕೊಡಬೇಕು.

ಮೊದಲನೆಯದನ್ನು ಇನ್ನೊಂದು ವಾರ ಬಿಟ್ಟು ರಾಣಿ ಕೋಶಕ್ಕಾಗಿ ಮಾತ್ರ, ಕೆಳಅಂಚುಗಳನ್ನಷ್ಟೇ ನೋಡಿ ಮುಚ್ಚುವುದು. ಕೋಶ ಕಂಡರೆ ಅಜ್ಜನನ್ನು ಕರೆದು ಪಾಲು ಮಾಡುವುದು. ಎರಡನೆಯದಕ್ಕೆ ಪಾಕ ಕೊಡುತ್ತ, ಬಾಗಿಲಿನಲ್ಲಿ ಪರಾಗ ಹೆಚ್ಚುವ ತನಕ ಅಡಿಹಲಗೆಯ ಹೊರತು ಬೇರೆ ಯಾವುದಕ್ಕೂ ಕೈ ಹಾಕದಿರುವುದು. ಜನವರಿ ಕಳೆದು ರಬ್ಬರ್ ಮರಗಳು ಎಲೆ ಉದುರಿಸಿ ಚಿಗುರತೊಡಗಿದಾಗ, ಆ ಎಳೆಯ ಎಲೆಗಳ ತೊಟ್ಟಿನಿಂದ ಒಸರುವ ಮಕರಂದವೇ ನಮ್ಮ ಕಡೆಯ ದೊಡ್ಡ ಸುಗ್ಗಿ. ಅಷ್ಟರೊಳಗೆ ಎರಡನೆಯ ಕುಟುಂಬವೂ ಚೌಕಟ್ಟುಗಳನ್ನು ತುಂಬಿಕೊಂಡರೆ ಅದರ ಪಾಕವನ್ನು ನಿಲ್ಲಿಸಿ, ಒಳಗೆ ಉಳಿದ ಸಕ್ಕರೆಯೆಲ್ಲ ಖರ್ಚಾದ ಮೇಲೆಯೇ ಸೂಪರ್ ಇಡಬೇಕು.